ಮೊಳೆ ಹೊಡೆಯುವಂತಿಲ್ಲ!

ಮಗಳನ್ನೋ ಮಗನನ್ನೋ ಹಾಸ್ಟೆಲಿಗೆ ಸೇರಿಸಿ ಬಂದ ತಾಯಂದಿರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಇದ್ದರೆ, ಆ ಕೋಣೆಯ ಬಾಗಿಲಲ್ಲಿ ನಿಂತು ಮೊದಲ ಸಲ ಒಳಗೆ ಕಣ್ಣು ಹಾಯಿಸಿದಾಗ ನಿಮಗೂ ನನ್ನ ಹಾಗೇ ಅನ್ನಿಸಿರಬೇಕು: "ಅಯ್ಯೋ, ಇಷ್ಟೇನಾ?"

2023ರ ಆಗಸ್ಟ್‌ನಲ್ಲಿ ನಮ್ಮ ಪುಟ್ಟಿಯನ್ನು ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದೆವು. ನಮ್ಮದು ಅರಸೀಕೆರೆ. ಮನೆ ದೊಡ್ಡದೇನಲ್ಲ, ಆದರೂ ಪುಟ್ಟಿಗೆ ಅಂತ ಒಂದು ಕೋಣೆ, ಒಂದು ಕಿಟಕಿ, ಪುಸ್ತಕ ಹರವಿಕೊಳ್ಳೋಕೆ ಅಜ್ಜಿಯ ಮಂಚ, ಎಲ್ಲಾ ಇತ್ತು. ಹಾಸ್ಟೆಲಿನ ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅದರಲ್ಲಿ ಮೂರು ಕಬ್ಬಿಣದ ಮಂಚ, ಮೂರು ಮೇಜು, ಮೂರು ಸಣಕಲು ಬೀರು. ಮೂರು ಹುಡುಗಿಯರು ನಿಲ್ಲಬೇಕಾದರೆ ಇಬ್ಬರು ಮಂಚದ ಮೇಲೆ ಕೂತಿರಬೇಕು. ನಮ್ಮವಳ ಪಾಲಿಗೆ ಬಂದದ್ದು ಕಿಟಕಿ ಪಕ್ಕದ ಮೂಲೆ. ಮಂಚದ ತಲೆಗೂ ಗೋಡೆಗೂ ನಡುವೆ ಮೂರಡಿಗೆ ಸ್ವಲ್ಪ ಕಡಿಮೆ ಜಾಗ.

ಬಾಗಿಲ ಹಿಂದೆ ಒಂದು ಟೈಪ್ ಮಾಡಿದ ಕಾಗದ ಅಂಟಿಸಿದ್ದರು. ಹದಿನಾಲ್ಕು ನಿಯಮ. ನಾಲ್ಕನೆಯದು, "ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಗೋಡೆಗೆ ಹಾನಿಯಾದರೆ ಠೇವಣಿಯಿಂದ ವಸೂಲು ಮಾಡಲಾಗುವುದು." ಠೇವಣಿ ಎಂದರೆ ಐದು ಸಾವಿರ ರೂಪಾಯಿ. ಅದನ್ನು ಓದಿ ನನಗೆ ನಗು ಬಂತು. ಯಾಕೆ ಅಂತೀರಾ? ಮದುವೆಯಾದ ಮೇಲೆ ಹದಿನಾಲ್ಕು ವರ್ಷ ನಾನು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದವಳು. ಯಜಮಾನರಿಗೆ ವರ್ಗವಾದ ಊರಿಗೆಲ್ಲಾ ಪಾತ್ರೆ ಕಟ್ಟಿಕೊಂಡು ಹೋದವಳು. ಹಾಸನದಲ್ಲಿ ನಮ್ಮ ಮನೆ ಓನರ್ ಆಂಟಿ ತಿಂಗಳಿಗೊಮ್ಮೆ ಬಾಡಿಗೆಗೆ ಬಂದಾಗ ಕಾಫಿ ಕುಡಿಯುತ್ತಲೇ ಗೋಡೆಯ ಮೇಲೆಲ್ಲಾ ಕಣ್ಣಾಡಿಸೋರು. ಮೊಳೆ ಎಣಿಸೋರು! ಅವರ ಹೆದರಿಕೆಗೆ ನಮ್ಮ ಕ್ಯಾಲೆಂಡರ್ ಯಾವಾಗಲೂ ಕಿಟಕಿ ಸರಳಿಗೇ ನೇತುಬೀಳುತ್ತಿತ್ತು. ಗಾಳಿ ಬಂದರೆ ಏಕಾದಶಿ ಹೋಗಿ ಅಮಾವಾಸ್ಯೆ ಬರೋದು.

ಹಳೇ ಕಾಲದ ಮನೆಗಳಲ್ಲಿ ಈ ಕಷ್ಟ ಇರಲಿಲ್ಲ, ನೋಡಿ. ನಮ್ಮ ಅಜ್ಜಿಯ ಮನೆಯಲ್ಲಿ ಗೋಡೆ ಒಂದೂವರೆ ಅಡಿ ದಪ್ಪ. ಕಟ್ಟುವಾಗಲೇ ಅದರಲ್ಲಿ ಗೂಡು ಬಿಡೋರು. ದೀಪಕ್ಕೊಂದು ಗೂಡು, ಕುಂಕುಮದ ಭರಣಿಗೊಂದು, ತಾತನ ಕನ್ನಡಕಕ್ಕೊಂದು. ಈಗಿನ ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಗೂಡು ಕೊರೆದರೆ ಪಕ್ಕದ ಕೋಣೆಯವರ ಮುಖ ಕಾಣಿಸುತ್ತೆ ಅಷ್ಟೇ.

ಇಷ್ಟೆಲ್ಲಾ ಅನುಭವ ಇದ್ದವಳು ನಾನು ಮಾಡಿದ ಕೆಲಸ ಕೇಳಿ. ನಮ್ಮೂರಲ್ಲಿ "ಯಾವುದು ತಗೊಂಡರೂ ಐವತ್ತು ರೂಪಾಯಿ" ಅಂತ ಒಂದು ಅಂಗಡಿ ಹಾಕಿದ್ದರು. ಅಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಶೆಲ್ಫು, ಜೊತೆಗೆ ಎರಡೂ ಬದಿ ಅಂಟುವ ಸ್ಪಂಜಿನಂಥ ಟೇಪು. ಅಂಗಡಿಯ ಹುಡುಗ ಒಂದು ಹೊಳೆಯುವ ಟೈಲಿಗೆ ಅಂಟಿಸಿ, ನೀರು ತುಂಬಿದ ಕೊಡಪಾನ ನೇತುಹಾಕಿ ತೋರಿಸಿದ. ಮೊಳೆ ಬೇಡ, ಡ್ರಿಲ್ ಬೇಡ! ನಾನು ಮೂರು ಶೆಲ್ಫು ಕೊಂಡೆ. ಪುಟ್ಟಿಯನ್ನು ಬಿಡಲು ಹೋದ ದಿನ ನನ್ನ ಕೈಯಾರೆ ಮಂಚದ ತಲೆಯ ಮೇಲಿನ ಗೋಡೆಗೆ ಸಾಲಾಗಿ ಅಂಟಿಸಿ, ಚಟ್ನಿಪುಡಿ ಡಬ್ಬ, ತುಪ್ಪದ ಬಾಟಲಿ, ಗಡಿಯಾರ, ನಾಲ್ಕು ಪುಸ್ತಕ ಎಲ್ಲಾ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಎಷ್ಟು ಲಕ್ಷಣವಾಗಿತ್ತು! ಮಗಳನ್ನು ಬಿಟ್ಟು ಬರುವ ಸಂಕಟಕ್ಕೆ ಅದೊಂದು ಸಮಾಧಾನ.

ನಾಲ್ಕನೇ ರಾತ್ರಿ ಹನ್ನೊಂದು ಗಂಟೆಗೆ ಫೋನು. "ಅಮ್ಮಾ..." ಅಂದವಳು ಮುಂದೆ ಮಾತಾಡಲಿಲ್ಲ, ಬರೀ ಅಳು. ನಡುವಿನ ಶೆಲ್ಫು ಕಿತ್ತು ಬಂದು, ಕೆಳಗಿನದನ್ನೂ ಎಳೆದುಕೊಂಡು ಬಿದ್ದಿತ್ತು. ಪುಣ್ಯಕ್ಕೆ ಅವಳ ತಲೆ ಆಗ ದಿಂಬಿನ ಮೇಲಿರಲಿಲ್ಲ. ಆದರೆ ತುಪ್ಪದ ಬಾಟಲಿ ಒಡೆದು, ಕೋಣೆಯ ಇನ್ನೊಬ್ಬ ಹುಡುಗಿ ಕಲಬುರಗಿಯವಳು ಮೂರು ದಿನ ಕೂತು ಬರೆದಿದ್ದ ಡ್ರಾಯಿಂಗ್ ಹಾಳೆಗಳ ಮೇಲೆಲ್ಲಾ ತುಪ್ಪ! ಗೋಡೆಯಿಂದ ಅಂಗೈಯಗಲ ಬಣ್ಣ ಪಕಳೆಯ ಹಾಗೆ ಎದ್ದು ಬಂದು ಒಳಗಿನ ಗಾರೆ ಕಾಣುತ್ತಿತ್ತಂತೆ. ಮಾರನೆಯ ದಿನ ವಾರ್ಡನ್ ಬಂದು ನೋಡಿ ಆರುನೂರು ರೂಪಾಯಿ ಠೇವಣಿಯಲ್ಲಿ ಕಳೆದರು.

ಆಮೇಲೆ ನಾಲ್ಕು ದಿನ ದಿನಾ ಫೋನು, ದಿನಾ ಅಳು. "ಸೂಟ್‌ಕೇಸಿಂದಾನೇ ಬಟ್ಟೆ ತೆಗೀಬೇಕು, ಅದಕ್ಕೇ ತುಂಬಬೇಕು. ಪುಸ್ತಕ ಎಲ್ಲಾ ಮಂಚದ ಮೇಲೆ, ಮಲಗೋವಾಗ ನೆಲಕ್ಕೆ. ನೆಲ ಒರೆಸೋಕೆ ಬಂದರೆ ಮತ್ತೆ ಮಂಚಕ್ಕೆ. ಬಸ್ ಸ್ಟ್ಯಾಂಡಲ್ಲಿ ಇದ್ದ ಹಾಗಿದೆ ಅಮ್ಮ. ನನ್ನ ಕರ್ಕೊಂಡು ಹೋಗು." ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ ಕಡಿಮೆ ಅಂಕ ಬಂದದ್ದೂ ಆ ಅಳುವಿನಲ್ಲಿ ಸೇರಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಯಜಮಾನರು, "ಅಷ್ಟು ಕಷ್ಟ ಪಟ್ಕೊಂಡು ಓದೋದೇನೂ ಬೇಡ. ಇಲ್ಲೇ ಡಿಗ್ರಿ ಕಾಲೇಜಿಗೆ ಹಾಕಿದ್ರಾಯ್ತು" ಅಂದುಬಿಟ್ಟರು. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಆ ಮಾತು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಮನೆ ಬಿಕೋ ಅನ್ನುತ್ತಿತ್ತು. ಮೂವರಿಗೆ ಅನ್ನ ಇಡುವುದು ಕೈಗೆ ಬರದೆ ದಿನಾ ತಂಗಳು ಉಳಿಯುತ್ತಿತ್ತು. ಶೆಲ್ಫು ಬಿದ್ದದ್ದು ಒಳ್ಳೆಯದೇ ಆಯಿತೇನೋ ಅಂತ ಒಂದು ಕ್ಷಣ ಅಂದುಕೊಂಡೆ. ತಾಯಿಯಾದವಳು ಹೀಗೂ ಯೋಚಿಸುತ್ತಾಳೆಯೇ ಅನ್ನಬೇಡಿ, ಯೋಚಿಸುತ್ತಾಳೆ.

ಆಗ ಮಾತಾಡಿದವರು ನಮ್ಮತ್ತೆ. ಎಪ್ಪತ್ತೆಂಟು ವರ್ಷ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದವರು. "ಸಾಮಾನು ಇಡಕ್ಕೆ ಜಾಗ ಇಲ್ಲ ಅಂತ ತಾನೇ ಮಗು ಅಳ್ತಿರೋದು? ಮೊದಲು ಜಾಗ ಮಾಡ್ಕೊಟ್ಟು ಬಾ. ಆಮೇಲೂ ಅತ್ರೆ ಕರ್ಕೊಂಡು ಬಾ" ಅಂದರು. ಅಷ್ಟೇ ಅಲ್ಲ, ಅಟ್ಟದ ಮೇಲಿದ್ದ ಎರಡು ಹಲಸಿನ ಹಲಗೆ ಇಳಿಸಿಸಿದರು. ಒಂದು ಕಾಲದಲ್ಲಿ ಅದರ ಮೇಲೆ ಭಾರದ ಕಲ್ಲಿಟ್ಟು ಉಪ್ಪಿನಕಾಯಿ ಜಾಡಿ ಸಾಲಾಗಿ ಇಡುತ್ತಿದ್ದರಂತೆ. ಒಂದಿಂಚು ದಪ್ಪ, ಒಂಬತ್ತಿಂಚು ಅಗಲ. ಬಡಗಿ ಕೈಲಿ ಎರಡೂವರೆ ಅಡಿಗೆ ಕೊಯ್ಯಿಸಿ, ಅಂಚು ಉಜ್ಜಿಸಿದೆ.

ಈ ಸಲ ನಾನು ಬುದ್ಧಿ ಉಪಯೋಗಿಸಿದೆ. ಹಳೇ ಪೇಪರ್ ಕೊಳ್ಳುವವನು ಬಂದಾಗ ಪುಟ್ಟಿಯ ಪಿ.ಯು. ಪುಸ್ತಕ ಆರು ಅವನ ತಕ್ಕಡಿಗೆ ಹಾಕಿಸಿದೆ. ನಾಲ್ಕೂವರೆ ಕಿಲೋ! ಅವನು, "ಕೊಡ್ತೀರೇನಮ್ಮಾ?" ಅಂದ. "ಇಲ್ಲಪ್ಪಾ, ತೂಕ ನೋಡಿದೆ ಅಷ್ಟೇ" ಅಂದಾಗ ಅವನ ಮುಖ ನೋಡಬೇಕಿತ್ತು. ಉಳಿದಿದ್ದ ಟೇಪಿನ ಪೊಟ್ಟಣ ಹುಡುಕಿ, ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರು: ನುಣುಪಾದ, ಗಟ್ಟಿ ಮೇಲ್ಮೈಗೆ ಮಾತ್ರ. ಅಂಗಡಿಯ ಟೈಲಿಗೆ ಕಚ್ಚಿಕೊಂಡ ಅಂಟು ಹಾಸ್ಟೆಲಿನ ಗೋಡೆಗೂ ಕಚ್ಚಿಕೊಂಡಿತ್ತು, ಅದರಲ್ಲಿ ಮೋಸವಿಲ್ಲ. ಆದರೆ ಅದು ಹಿಡಿದದ್ದು ಗೋಡೆಯನ್ನಲ್ಲ, ಗೋಡೆಯ ಮೇಲಿನ ಡಿಸ್ಟೆಂಪರ್ ಬಣ್ಣವನ್ನು. ಬಣ್ಣವೇ ಗೋಡೆ ಬಿಟ್ಟು ಬಂದರೆ ಅಂಟು ತಾನೇ ಏನು ಮಾಡೀತು?

ನೀವೂ ಎಲ್ಲಾದರೂ ಅಂಟಿಸುವ ಮುಂಚೆ ಗೋಡೆಯ ಮೇಲೆ ಅಂಗೈಯನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಯಾವ ಕಂಪನಿಯ ಟೇಪೂ ನಿಲ್ಲುವುದಿಲ್ಲ, ನಿಂತರೂ ಹೋಗುವಾಗ ಬಣ್ಣ ಕಿತ್ತುಕೊಂಡೇ ಹೋಗುತ್ತದೆ. ಸುಣ್ಣದ ಗೋಡೆಯಂತೂ ಕೇಳಲೇಬೇಡಿ.

ಅಂತೂ ಹಲಗೆಗಳನ್ನು ಜಮಖಾನದಲ್ಲಿ ಸುತ್ತಿ, ಹಗ್ಗ ಬಿಗಿದು, ಬೆಳಗಿನ ಮೈಸೂರು ರೈಲು ಹತ್ತಿದೆ. ಹೊಳೆನರಸೀಪುರದಲ್ಲಿ ಹತ್ತಿದ ಒಬ್ಬ ಅಜ್ಜಿ ಗಂಟನ್ನು ತಟ್ಟಿ ನೋಡಿ, "ಏನವ್ವಾ, ಹಸೆಮಣೆನಾ? ಮಗಳ ಮದ್ವೆನಾ?" ಅಂತ ಕೇಳಿದರು. "ಇಲ್ಲಮ್ಮ, ಮಗಳ ಪುಸ್ತಕಕ್ಕೆ ಮಣೆ" ಅಂದೆ. ಕೃಷ್ಣರಾಜನಗರ ಬರೋ ಹೊತ್ತಿಗೆ ಇಡೀ ಡಬ್ಬಿಗೆ ನನ್ನ ಮಗಳ ಶೆಲ್ಫಿನ ಕಥೆ ಗೊತ್ತಾಗಿತ್ತು.

ಹಾಸ್ಟೆಲಿಗೆ ಹೋದವಳು ಕೋಣೆಗೆ ಹೋಗಲಿಲ್ಲ, ಮೊದಲು ವಾರ್ಡನ್ ಹತ್ತಿರ ಹೋದೆ. ಮೊದಲ ಸಲ ಕೇಳದೇ ಮಾಡಿದ್ದೇ ತಪ್ಪು. "ಮೇಡಂ, ಗೋಡೆ ಮುಟ್ಟಲ್ಲ. ನೆಲದ ಮೇಲೆ ಇಟ್ಟಿಗೆ, ಅದರ ಮೇಲೆ ಹಲಗೆ, ಅಷ್ಟೇ" ಅಂದೆ. ಅವರು ಹಲಗೆಯನ್ನು ಬೆರಳಿನಿಂದ ತಟ್ಟಿ, "ಹಲಸು ಅಲ್ವಾ?" ಅಂದರು. ಆಮೇಲೆ ವಾಚ್‌ಮನ್‌ನನ್ನು ಕರೆದು ಕಟ್ಟಡದ ಹಿಂದೆ ಉಳಿದಿದ್ದ ಇಟ್ಟಿಗೆಯಲ್ಲಿ ಹತ್ತು ಕೊಡಲು ಹೇಳಿದರು. ನಾನು ಅವರ ಬಗ್ಗೆ ಮನೆಯಲ್ಲಿ ಆಡಿದ್ದ ಮಾತೆಲ್ಲಾ ನೆನಪಾಗಿ ನಾಚಿಕೆಯಾಯಿತು.

ಇಟ್ಟಿಗೆ ಒಂಬತ್ತಿಂಚು ಉದ್ದ, ಹಲಗೆ ಒಂಬತ್ತಿಂಚು ಅಗಲ, ಅಳತೆ ಮಾಡಿಸಿದ ಹಾಗೆ ಕೂತಿತು. ಎರಡು ತುದಿಗೆ ಒಂದೊಂದು ಇಟ್ಟಿಗೆ ಮಲಗಿಸಿ ಅದರ ಮೇಲೆ ಮೊದಲ ಹಲಗೆ. ನೆಲ ಒರೆಸಿದಾಗ ನೀರು ತಾಗಬಾರದಲ್ಲ, ಅದಕ್ಕೆ. ಆ ಹಲಗೆಯ ಮೇಲೆ ಎರಡೂ ತುದಿಗೆ ನಾಲ್ಕು ನಾಲ್ಕು ಇಟ್ಟಿಗೆ. ಮೂರು ಮೂರಿಂಚಿನ ಲೆಕ್ಕದಲ್ಲಿ ಒಂದಡಿ ಎತ್ತರ ಬಂತು, ಅವರ ರೆಕಾರ್ಡ್ ಪುಸ್ತಕ ನೆಟ್ಟಗೆ ನಿಂತಿತು. ಮೇಲೆ ಎರಡನೇ ಹಲಗೆ. ಇನ್ನೂ ಎತ್ತರಿಸುವ ಆಸೆ ನನಗೂ ಆಯಿತು. ಆದರೆ ಗಾರೆ ಇಲ್ಲದ ಇಟ್ಟಿಗೆ, ಮೂರು ಹುಡುಗಿಯರು ಓಡಾಡುವ ಜಾಗ, ಸೊಂಟದ ಕೆಳಗೇ ಇರಲಿ ಅಂತ ಬಿಟ್ಟೆ. ಗೋಡೆಯಿಂದ ಒಂದಿಂಚು ದೂರ ಇಟ್ಟೆ, ಗೋಡೆಗೆ ಉಜ್ಜಿ ಗೀರು ಬೀಳಬಾರದು, ಮಳೆಗಾಲದ ತೇವ ಪುಸ್ತಕಕ್ಕೆ ಹತ್ತಬಾರದು. ಕೆಳಗಿನ ಇಟ್ಟಿಗೆಯಡಿ ಹಳೇ ಚಾಪೆಯ ತುಂಡು, ಮೊಸಾಯಿಕ್ ನೆಲ ಕೆರೆಯದ ಹಾಗೆ.

ಇಟ್ಟಿಗೆಗೆ ಅಂದವಾಗಿರಲಿ ಅಂತ ಹಳೇ ಸೀರೆಯಲ್ಲಿ ಗವಸು ಹೊಲಿದುಕೊಂಡು ಹೋಗಿದ್ದೆ. ಹಾಕಿ ಪೇರಿಸಿದರೆ ಎಲ್ಲಾ ಜಾರಿ ಅಲುಗಾಡತೊಡಗಿತು. ತೆಗೆದೆ. ಕಡೆಗೆ ಪುಟ್ಟಿಯೇ, "ಪುಸ್ತಕಕ್ಕೆ ಬೈಂಡ್ ಹಾಕ್ತೀವಲ್ಲ ಅಮ್ಮ, ಆ ಕಾಗದ ಸುತ್ತೋಣ" ಅಂದಳು. ಆ ಹುಡುಗಿಯ ಬಾಯಲ್ಲಿ ಹತ್ತು ದಿನದ ಮೇಲೆ ಅಳು ಬಿಟ್ಟು ಬೇರೆ ಮಾತು ಬಂದದ್ದು ಅದೇ ಮೊದಲು. ಖಾಕಿ ಕಾಗದ ತಂದು, ಮೂವರೂ ಹುಡುಗಿಯರು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು ಹತ್ತು ಇಟ್ಟಿಗೆಗೂ ಬಿಗಿಯಾಗಿ ಬೈಂಡ್ ಹಾಕಿದರು. ಒಬ್ಬಳು ಒಂದು ಇಟ್ಟಿಗೆಗೆ ಲೇಬಲ್ ಅಂಟಿಸಿ "ವಿಷಯ: ಗಣಿತ" ಅಂತ ಬರೆದಳು. ಎಲ್ಲರೂ ನಕ್ಕರು, ಪುಟ್ಟಿಯೂ ನಕ್ಕಳು.

ಇನ್ನು ಬಟ್ಟೆಯ ಗತಿ. ಬೀರುವಿನ ಒಳಗೆ ಅಡ್ಡಕ್ಕೆ ಒಂದು ಕಂಬಿ, ಅದರ ಕೆಳಗೆಲ್ಲಾ ಖಾಲಿ. ಅದಕ್ಕೆ ನಾನು ಮನೆಯಲ್ಲೇ ಹಳೇ ಜಮಖಾನದಿಂದ ಒಂದು ತೂಗುಗೂಡು ಹೊಲಿದಿದ್ದೆ. ಇದು ನಿಮಗೂ ಉಪಯೋಗಕ್ಕೆ ಬಂದೀತು, ಹೇಳುತ್ತೇನೆ. ಒಂದಡಿ ಅಗಲದ ಎರಡು ಉದ್ದನೆಯ ಪಟ್ಟಿ, ಎರಡು ಪಕ್ಕಕ್ಕೆ. ಅವುಗಳ ನಡುವೆ ಮುಕ್ಕಾಲು ಅಡಿಗೊಂದರಂತೆ ನಾಲ್ಕು ಅಡ್ಡ ತಟ್ಟು. ಪ್ರತಿ ತಟ್ಟನ್ನೂ ಎರಡು ಪದರ ಮಾಡಿ ಚೀಲದ ಹಾಗೆ ಹೊಲಿದು, ಒಳಗೆ ದಪ್ಪ ರಟ್ಟು ತೂರಿಸಬೇಕು. ಒಗೆಯುವಾಗ ರಟ್ಟು ತೆಗೆಯಲು ಬರುವಂತೆ ಒಂದು ಬದಿ ಹೊಲಿಯಬೇಡಿ. ಪಟ್ಟಿಗಳ ಮೇಲ್ತುದಿಯನ್ನು ಕಂಬಿಗೆ ಸುತ್ತಿ ಬರುವಷ್ಟು ಬಿಟ್ಟು, ಪ್ರೆಸ್ ಬಟನ್ ಅಲ್ಲ, ಗಟ್ಟಿ ಲಾಡಿ ಹೊಲಿಯಿರಿ. ಬಟನ್ ಹಾಕಿದ್ದು ನನ್ನದು ಒಂದೇ ವಾರಕ್ಕೆ ಬಿಚ್ಚಿಕೊಂಡಿತಂತೆ, ಲಾಡಿಯನ್ನು ಪುಟ್ಟಿಯೇ ಹೊಲಿದುಕೊಂಡಳು. ನಾಲ್ಕು ಗೂಡಿಗೆ ಚೂಡಿದಾರ, ಒಳಬಟ್ಟೆ, ಟವೆಲು ಎಲ್ಲಾ ಹಿಡಿಸಿ ಸೂಟ್‌ಕೇಸು ಖಾಲಿಯಾಗಿ ಮಂಚದಡಿ ಹೋಯಿತು. ಅದು ಮಂಚದಡಿ ಹೋದ ಮೇಲೆ ಪುಟ್ಟಿ ಅದರ ಕಡೆ ಒಂದು ಸಲ ನೋಡಿ ಸುಮ್ಮನಾದಳು. ನಾನೂ ಸುಮ್ಮನಾದೆ.

ಬೀರುವಿನ ಹೊರಬದಿ ಕಬ್ಬಿಣದ ತಗಡಲ್ಲವೇ? ಅದಕ್ಕೆ ಅಯಸ್ಕಾಂತದ ಕೊಕ್ಕೆ. ಕೀಲಿಕೈ, ಬಾಚಣಿಗೆ ಚೀಲದಂಥ ಹಗುರದ್ದು ಸರಿ, ಕಾಲೇಜು ಬ್ಯಾಗು ಹಾಕಿದರೆ ಸರ್ರನೆ ಕೆಳಗೆ ಜಾರುತ್ತದೆ. ಕಿಟಕಿ ಸರಳಿಗೆ ಇಂಗ್ಲಿಷಿನ ಎಸ್ ಅಕ್ಷರದಂಥ ಕೊಕ್ಕೆ ಹಾಕಿ ಸೋಪು, ಬ್ರಷ್ಷು ಇಡುವ ತಂತಿ ಬುಟ್ಟಿ ನೇತುಹಾಕಿದೆ. ಎರಚಲು ಮಳೆಗೆ ನೆನೆದರೂ ಹಾಳಾಗದ್ದು ಮಾತ್ರ ಅಲ್ಲಿ.

ಅಂಟಿನ ಮೇಲೆ ನನಗೆ ಕೋಪವಿದ್ದರೂ ಕಲಬುರಗಿಯ ಹುಡುಗಿ ಬೇರೆ ಥರದ್ದೊಂದು ತಂದಿದ್ದಳು. ತುದಿಯಲ್ಲಿ ಬಾಲದಂಥದ್ದು ಬಿಟ್ಟಿರುವ, ಎಳೆದರೆ ಕಳಚಿ ಬರುವ ಪಟ್ಟಿ. ಅದನ್ನು ಗೋಡೆಗೆ ಹಚ್ಚಲಿಲ್ಲ, ಮೇಜಿನ ಪಕ್ಕದ ಸನ್‌ಮೈಕಾಗೆ ಹಚ್ಚಿದೆವು. ನರ್ಸ್ ಇಂಜೆಕ್ಷನ್‌ಗೆ ಮುಂಚೆ ಒರೆಸುತ್ತಾರಲ್ಲ, ಆ ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿ, ಒಣಗಿಸಿ, ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿದು, ಒಂದು ಗಂಟೆ ಏನನ್ನೂ ನೇತುಹಾಕದೆ ಬಿಡಬೇಕಂತೆ. ನಾನು ಮೊದಲ ಸಲ ಅಂಟಿಸಿದ ಮರುಗಳಿಗೆಯೇ ತುಪ್ಪದ ಬಾಟಲಿ ಇಟ್ಟಿದ್ದೆ!

ಆ ಹುಡುಗಿಯ ಹತ್ತಿರ ಡ್ರಾಯಿಂಗ್ ಹಾಳೆಯ ಕ್ಷಮೆ ಕೇಳಬೇಕಿತ್ತು, ಹೊಸ ಹಾಳೆ ಒಂದು ಡಜನ್ ಕೊಂಡುಹೋಗಿದ್ದೆ. "ಇರ್ಲಿ ಬಿಡ್ರಿ ಅಮ್ಮಾ, ಎರಡನೇ ಸಲ ಭಾಳ ಚಂದ ಬಂತ್ರಿ" ಅಂದಳು. ಅವಳ ತಾಯಿ ಇಷ್ಟು ದೂರ ಬರಲಾಗದೆ ಅವಳೊಬ್ಬಳೇ ರಾತ್ರಿ ರೈಲಲ್ಲಿ ಬಂದು ಸೇರಿಕೊಂಡಿದ್ದಳಂತೆ. ಅವಳ ಬೀರುವಿನಲ್ಲಿ ಬಟ್ಟೆಯೆಲ್ಲಾ ಒಂದೇ ಗುಡ್ಡೆ.

ಸಂಜೆ ಹೊರಡುವ ಹೊತ್ತಿಗೆ ಪುಟ್ಟಿ ಬಾಗಿಲವರೆಗೆ ಬಂದಳು. ಕರೆದುಕೊಂಡು ಹೋಗು ಅನ್ನುತ್ತಾಳೇನೋ ಅಂತ ಕಾದೆ. "ಅಮ್ಮ, ನಾಳೆ ಲ್ಯಾಬ್ ಇದೆ. ನೀನು ಟ್ರೈನ್ ಹತ್ತಿ ಮೆಸೇಜ್ ಮಾಡು" ಅಂದಳು. ರೈಲಿನಲ್ಲಿ ಕೂತು ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತಾಯಿತು.

2024ರ ಜೂನ್‌ನಲ್ಲಿ ಕೋಣೆ ಬಿಡುವ ದಿನ ಮತ್ತೆ ಹೋದೆ. ಹತ್ತು ಇಟ್ಟಿಗೆ ಎಣಿಸಿ ವಾಚ್‌ಮನ್‌ಗೆ ಒಪ್ಪಿಸಿದೆವು. ಮೇಜಿನ ಪಟ್ಟಿಯ ಬಾಲ ಹಿಡಿದು, ಹೊರಕ್ಕಲ್ಲ, ನೇರ ಕೆಳಕ್ಕೆ ನಿಧಾನವಾಗಿ ಎಳೆದರೆ ರಬ್ಬರಿನಂತೆ ಉದ್ದವಾಗಿ ಕಳಚಿ ಬಂತು, ಕಲೆಯಿಲ್ಲ. ಠೇವಣಿಯಲ್ಲಿ ನಾಲ್ಕು ಸಾವಿರದ ನಾನೂರು ವಾಪಸು ಬಂತು. ಕಳೆದುಹೋದ ಆರುನೂರು ನನ್ನ ಖಾತೆಗೆ.

ಎರಡನೇ ವರ್ಷಕ್ಕೆ ಬೇರೆ ಕೋಣೆ. ನಾನು ರಜೆಯಲ್ಲೇ ಹೊಸ ತೂಗುಗೂಡಿಗೆ ಬಟ್ಟೆ ಕತ್ತರಿಸಿ ಇಟ್ಟುಕೊಂಡು ಯಾವ ದಿನ ಬರಲಿ ಅಂತ ಕೇಳುತ್ತಲೇ ಇದ್ದೆ. ಅವಳು ಹಲಗೆ ಎರಡನ್ನೂ ತಾನೇ ಹೊತ್ತುಕೊಂಡು ಹೋಗಿ, ಮೂರನೇ ದಿನ ಫೋಟೋ ಕಳಿಸಿದಳು. ಹಲಗೆ ಈ ಸಲ ನೆಲದ ಮೇಲಿಲ್ಲ, ಮಂಚದ ಕಾಲ ಬುಡದಲ್ಲಿ ಅಡ್ಡಕ್ಕೆ ಬೆಂಚಿನ ಹಾಗೆ ಇದೆ. ಪುಸ್ತಕ ಕೆಳಗೆ, ಗೆಳತಿಯರು ಕೂರುವುದು ಮೇಲೆ. ತುಪ್ಪದ ಬಾಟಲಿ ಪ್ಲಾಸ್ಟಿಕ್ಕಿನದು, ನೆಲಕ್ಕೆ ಒತ್ತಿ ಕೂತಿದೆ. ನನ್ನ ಜಮಖಾನದ ಗೂಡು ಎಲ್ಲಿ ಅಂತ ಕೇಳಿದೆ. ಕಲಬುರಗಿಯವಳಿಗೆ ಕೊಟ್ಟಳಂತೆ.

ಆ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಮನೆಗೆ ತಂದು ಎಲ್ಲಿಡಲಿ ಅಂತ ನೋಡುತ್ತಾ ನಿಂತಾಗಲೇ ಕಣ್ಣಿಗೆ ಬಿದ್ದದ್ದು, ನಮ್ಮ ಕ್ಯಾಲೆಂಡರ್ ಈಗಲೂ ಕಿಟಕಿ ಸರಳಿನಲ್ಲೇ ನೇತಾಡುತ್ತಿತ್ತು. ಸ್ವಂತ ಮನೆಯಾಗಿ ಎಂಟು ವರ್ಷವಾಗಿತ್ತು. ಯಜಮಾನರನ್ನು ಕರೆದು ಸುತ್ತಿಗೆ, ಮೊಳೆ ತರಲು ಹೇಳಿದೆ. ಅವರು ಸ್ಟೂಲು ಹತ್ತಿ, ಗೋಡೆ ತಟ್ಟಿ ನೋಡಿ, "ಇಲ್ಲಿ ಹೊಡೀಲೇನೇ?" ಅಂದರು.

"ಸ್ವಲ್ಪ ಎಡಕ್ಕೆ" ಅಂದೆ.